ನಿಮ್ಮ ಮನೆಯ ಮಳೆಪುಸ್ತಕ ಕಾಲೇಜಿನ ಬಾಗಿಲು ತಟ್ಟಲಿ

2019ರಲ್ಲಿ ಪೋರ್ಟ್ ವಿಲಾ ಎಂಬ ಊರಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಒಂದು ಪ್ರಶ್ನೆ ಹಿಡಿದು ಕೂತರು. ಪೋರ್ಟ್ ವಿಲಾ ಪೆಸಿಫಿಕ್ ಸಾಗರದ ವನುವಾಟು ದೇಶದ ರಾಜಧಾನಿ. ದೇಶ ಎಂದರೂ ಇಡೀ ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು. ಅಲ್ಲಿ ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್‌ನ ಕಾನೂನು ಶಾಲೆಯಿದೆ. 1968ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯವನ್ನು ಈಗ 12 ದ್ವೀಪ ರಾಷ್ಟ್ರಗಳು ಕೂಡಿ ನಡೆಸುತ್ತವೆ. ದ್ವೀಪಕ್ಕೊಂದು ವಿಶ್ವವಿದ್ಯಾಲಯ ಕಟ್ಟುವುದು ಆಗದ ಮಾತು. ಹಾಗಾಗಿ ಎಲ್ಲರಿಗೂ ಸೇರಿ ಒಂದು.

ವಿದ್ಯಾರ್ಥಿಗಳ ಪ್ರಶ್ನೆ ಸರಳವಾಗಿತ್ತು. ಸಮುದ್ರ ಏರುತ್ತಿದೆ. ಚಂಡಮಾರುತ ಬಲಿಯುತ್ತಿದೆ. ಇದಕ್ಕೆ ಕಾರಣವಾದ ಹೊಗೆ ನಮ್ಮ ಮನೆಗಳಿಂದ ಎದ್ದದ್ದಲ್ಲ. ಹಾಗಾದರೆ ಹೊಗೆ ಬಿಟ್ಟ ದೇಶಗಳಿಗೆ ಕಾನೂನಿನ ಹೊಣೆ ಇದೆಯೋ ಇಲ್ಲವೋ? ಪಠ್ಯದ ಜೊತೆಗೆ ನಡೆದ ಒಂದು ಅಭ್ಯಾಸವಾಗಿ ಇದು ಶುರುವಾಯಿತು. ಉತ್ತರ ಹುಡುಕುತ್ತ ಹೋದವರಿಗೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಕಂಡಿತು. ಅಲ್ಲಿಗೆ ವಿದ್ಯಾರ್ಥಿಗಳು ಅರ್ಜಿ ಹಾಕುವಂತಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯಂಥ ಅಂಗ ಕೇಳಿದರೆ ಮಾತ್ರ ಇಂಥ ವಿಷಯದಲ್ಲಿ ಕೋರ್ಟು ಅಭಿಪ್ರಾಯ ಕೊಡುತ್ತದೆ. ಮಹಾಸಭೆ ಕೇಳಬೇಕಾದರೆ ಯಾವುದಾದರೂ ಸರ್ಕಾರ ಮುಂದೆ ಬರಬೇಕು. ಅವರು ಪೆಸಿಫಿಕ್ ನಾಯಕರಿಗೆಲ್ಲ ಪತ್ರ ಬರೆದರು. ವನುವಾಟು ಸರ್ಕಾರ ಆ ಪತ್ರವನ್ನು ಕೈಗೆತ್ತಿಕೊಂಡಿತು.

ಮುಂದಿನದು ನಾಲ್ಕು ವರ್ಷಗಳ ಓಡಾಟ. 2023ರ ಮಾರ್ಚ್ ಮೊದಲ ವಾರದಲ್ಲಿ ಜೂಡಿ, ಕೆವಿನ್ ಎಂಬ ಎರಡು ಚಂಡಮಾರುತಗಳು ಒಂದರ ಬೆನ್ನಿಗೊಂದು ವನುವಾಟುವನ್ನು ಅಪ್ಪಳಿಸಿದವು. ಅದೇ ತಿಂಗಳ 29ರಂದು ಮಹಾಸಭೆ ಯಾರ ವಿರೋಧವೂ ಇಲ್ಲದೆ ನಿರ್ಣಯ ಅಂಗೀಕರಿಸಿತು. 130ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸಹಿ ಕೂಡಿಸಿದ್ದವು. 2024ರ ಡಿಸೆಂಬರಿನಲ್ಲಿ ವಿಚಾರಣೆ ನಡೆದಾಗ 96 ದೇಶಗಳು, 11 ಅಂತರರಾಷ್ಟ್ರೀಯ ಸಂಸ್ಥೆಗಳು ವಾದ ಮಂಡಿಸಿದವು. ಆ 27 ಮಂದಿಯಲ್ಲಿ ಒಬ್ಬರಾದ ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ನ್ಯಾಯಾಧೀಶರ ಎದುರು ನಿಂತು ಮಾತಾಡಿದರು. ದ್ವೀಪವಾಸಿಗಳು ಹೇಳಿದ ಸಾಕ್ಷ್ಯಗಳು ಕೋರ್ಟಿನ ಕಡತ ಸೇರಿದವು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು: ಹವಾಗುಣವನ್ನು ಕಾಪಾಡುವುದು ದೇಶಗಳ ಕಾನೂನಿನ ಹೊಣೆ, ಹೊಣೆ ತಪ್ಪಿದರೆ ಪರಿಹಾರ ಕೊಡುವ ಪ್ರಸಂಗವೂ ಬರಬಹುದು.

ಇದು ಸಲಹೆಯ ರೂಪದ ಅಭಿಪ್ರಾಯ. ಯಾರ ಮೇಲೂ ನೇರ ಆದೇಶವಲ್ಲ. ಭಾರತವೂ ಅಲ್ಲಿ ವಾದ ಮಂಡಿಸಿತು ಎಂಬುದನ್ನು ಹೇಳಲೇಬೇಕು. ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಹೊಣೆಗಳನ್ನು ಕೋರ್ಟು ಸೃಷ್ಟಿಸಬಾರದು ಎಂಬುದು ನಮ್ಮ ದೇಶದ ನಿಲುವಾಗಿತ್ತು. ಅದಕ್ಕೆ ಅದರದೇ ಕಾರಣಗಳಿವೆ, ಆ ಚರ್ಚೆ ಬೇರೆ. ನನ್ನ ಕಣ್ಣು ಇರುವುದು ಆ ತರಗತಿಯ ಮೇಲೆ. ಪರೀಕ್ಷೆಗೆ ಓದಿ ಮರೆಯಬಹುದಾಗಿದ್ದ ಪಾಠವೊಂದು ಆರು ವರ್ಷಗಳಲ್ಲಿ ಜಗತ್ತಿನ ಅತಿ ದೊಡ್ಡ ನ್ಯಾಯಪೀಠ ಮುಟ್ಟಿತು.

ಅದೇ ನ್ಯಾಯಾಲಯದಲ್ಲಿ ಮಂಗಳೂರಿನವರೊಬ್ಬರು ನ್ಯಾಯಾಧೀಶರಾಗಿದ್ದರು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, 1952ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿದ್ದರು. ಅದಕ್ಕೂ ಹತ್ತು ವರ್ಷ ಮೊದಲು, ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳು ಸಿಂಧೂ ನದಿಯ ನೀರಿಗಾಗಿ ಜಗಳ ತೆಗೆದಾಗ, ವಿಚಾರಣಾ ಆಯೋಗದ ಅಧ್ಯಕ್ಷರೂ ಅವರೇ. ಗಡಿ ದಾಟುವ ನೀರಿನ ವ್ಯಾಜ್ಯ ನಮ್ಮವರಿಗೆ ಹೊಸದಲ್ಲ ಎಂದು ನೆನಪಿಸಲು ಇಷ್ಟು ಹೇಳಿದೆ.

ಮಾನ್ಯ ಓದುಗರೇ, ಈಗ ನಿಮ್ಮೊಡನೆ ನೇರವಾಗಿ ಮಾತಾಡುತ್ತೇನೆ. ಹವಾಗುಣದ ಜಾಗತಿಕ ಮಾತುಕತೆ ಎಂದಾಗ ನಮಗೆ ಕಾಣುವುದು ಟಿ.ವಿ.ಯ ಚಿತ್ರ. ಕೋಟು ಹಾಕಿದ ನಾಯಕರು, ಉದ್ದ ಮೇಜು, ಬಾವುಟಗಳು. ಅಲ್ಲಿ ನಮಗೇನು ಕೆಲಸ ಎಂದು ಚಾನೆಲ್ ಬದಲಿಸುತ್ತೇವೆ. ನಾನೂ ಬಹಳ ಕಾಲ ಹಾಗೇ ಮಾಡಿದವನು. ಆ ಮೇಜಿನ ಮೇಲೆ ನಿಜವಾಗಿ ಏನು ನಡೆಯುತ್ತದೆ ಎಂದು ತಿಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅಲ್ಲಿ ನಡೆಯುವುದು ಪದಗಳ ಜಗ್ಗಾಟ. ಕರಡಿನಲ್ಲಿ ಒಪ್ಪಿಗೆಯಾಗದ ಪದಗಳನ್ನು ಚೌಕ ಕಂಸದೊಳಗೆ ಇಟ್ಟಿರುತ್ತಾರೆ. ರಾತ್ರಿಯೆಲ್ಲ ಕೂತು ಒಂದೊಂದೇ ಕಂಸ ಬಿಡಿಸುತ್ತಾರೆ. 2015ರ ಡಿಸೆಂಬರ್ 12ರಂದು ಪ್ಯಾರಿಸ್ ಒಪ್ಪಂದ ಮುಗಿಯುವ ಗಳಿಗೆಯಲ್ಲಿ ಒಂದೇ ಪದ ಎಲ್ಲವನ್ನೂ ತಡೆದು ನಿಲ್ಲಿಸಿತ್ತು. ಶ್ರೀಮಂತ ದೇಶಗಳು ಹೊಗೆ ತಗ್ಗಿಸುವ ಗುರಿ ಇಟ್ಟುಕೊಂಡು ಮುಂದಾಳುತನ ವಹಿಸುವ ಬಗೆಗಿನ ವಾಕ್ಯದಲ್ಲಿತ್ತು ಆ ಪದ. ನಮ್ಮ ರಾಜ್ಯಪತ್ರದ ಭಾಷೆ ಬಲ್ಲವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ‘ವಹಿಸತಕ್ಕದ್ದು’ ಎಂದಿದ್ದರೆ ಅದು ಕಟ್ಟಳೆ. ‘ವಹಿಸುವುದು ಉಚಿತ’ ಎಂದಿದ್ದರೆ ಅದು ಹಿತವಚನ. ಅಮೆರಿಕಕ್ಕೆ ಈ ‘ತಕ್ಕದ್ದು’ ಬೇಡವಾಗಿತ್ತು. ಕೊನೆಗೆ ಅದು ಕೈತಪ್ಪಿನಿಂದ ಉಳಿದುಹೋದ ಪದವೆಂದು ಹೇಳಿ, ವೇದಿಕೆಯಿಂದ ತಿದ್ದುಪಡಿ ಓದಿ, ಸುತ್ತಿಗೆ ಬಡಿದರು.

ಇಂಥ ಕೋಣೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಒಂದು ಕುರ್ಚಿ ಇದೆ. 1992ರ ಹವಾಗುಣ ಒಡಂಬಡಿಕೆಯ ಪ್ರಕಾರ ಸರ್ಕಾರೇತರ ಸಂಸ್ಥೆಗಳು ವೀಕ್ಷಕರಾಗಿ ಬರಬಹುದು. ಅವರನ್ನು ಒಂಬತ್ತು ಬಳಗಗಳಾಗಿ ಗುರುತಿಸಿದ್ದಾರೆ. ಸಂಶೋಧಕರದು ಒಂದು ಬಳಗ, ಅದಕ್ಕೆ ರಿಂಗೋ ಎಂದು ಹೆಸರು. ಯುವಜನರದು ಯಂಗೋ. ರೈತರಿಗೂ ಒಂದು ಬಳಗವಿದೆ, ಇದು ನಮ್ಮಲ್ಲಿ ಅನೇಕರಿಗೆ ತಿಳಿಯದು. ವೀಕ್ಷಕರಿಗೆ ಮತವಿಲ್ಲ. ಸಮಯ ಉಳಿದರೆ ಬಳಗದ ಪರವಾಗಿ ಒಂದೆರಡು ನಿಮಿಷ ಮಾತು. ಬಾಗಿಲು ಹಾಕಿದ ಸಭೆಗಳಿಗೆ ಪ್ರವೇಶವಿಲ್ಲ. ಆದರೂ ಆ ಕುರ್ಚಿಗೆ ಬೆಲೆಯಿದೆ. ಸಣ್ಣ ದೇಶದ ಪ್ರತಿನಿಧಿಯೊಬ್ಬರಿಗೆ ರಾತ್ರಿ ಹನ್ನೊಂದಕ್ಕೆ ಒಂದು ಅಂಕಿ ಬೇಕಾಗುತ್ತದೆ. ಒಂದು ಪದದ ಹಿಂದಿನ ಇತಿಹಾಸ ಬೇಕಾಗುತ್ತದೆ. ಹೊರಗೆ ಮೊಗಸಾಲೆಯಲ್ಲಿ ಕೂತ ಅಧ್ಯಾಪಕರು ಅದನ್ನು ಹುಡುಕಿ ಕೊಡುತ್ತಾರೆ. ಫೋಟೊ ತೆಗೆಸಿಕೊಂಡು ಬರಲಷ್ಟೇ ಹೋಗುವವರೂ ಇದ್ದಾರೆ, ಇಲ್ಲವೆನ್ನಲಾರೆ. ಎಲ್ಲ ಜಾತ್ರೆಗೂ ಬೆಂಡು ಬತ್ತಾಸಿಗೆ ಬರುವವರು ಇದ್ದೇ ಇರುತ್ತಾರೆ.

ಈ ಕುರ್ಚಿಯ ಬೆಲೆ ಏನೆಂದು ಕೇಳಿದರೆ ನಾನು ಢಾಕಾದ ಸಲೀಮುಲ್ ಹಕ್ ಅವರ ಹೆಸರು ಹೇಳುತ್ತೇನೆ. ಓದಿದ್ದು ಸಸ್ಯವಿಜ್ಞಾನ. 1995ರ ಬರ್ಲಿನ್ ಸಮ್ಮೇಳನದಿಂದ ಹಿಡಿದು 2022ರವರೆಗೆ ಒಂದೂ ಹವಾಗುಣ ಸಮ್ಮೇಳನವನ್ನು ಅವರು ತಪ್ಪಿಸಲಿಲ್ಲ. ಬಾಂಗ್ಲಾದೇಶದ ಇಂಡಿಪೆಂಡೆಂಟ್ ಯೂನಿವರ್ಸಿಟಿಯಲ್ಲಿ 2009ರಲ್ಲಿ ಹವಾಗುಣ ಬದಲಾವಣೆಯ ಅಧ್ಯಯನ ಕೇಂದ್ರ ಕಟ್ಟಿದರು. ಬಡ ದೇಶಗಳ ಪ್ರತಿನಿಧಿಗಳಿಗೆ ಸಲಹೆಗಾರರಾದರು, ಅವರನ್ನು ತರಬೇತು ಮಾಡಿದರು. ಅವರು ಹಟಹಿಡಿದು ಬೆನ್ನತ್ತಿದ ವಿಷಯ ‘ನಷ್ಟ ಮತ್ತು ಹಾನಿ’. ಹೊಂದಿಕೊಳ್ಳಲು ಇನ್ನು ಸಾಧ್ಯವೇ ಇಲ್ಲ ಎಂಬಷ್ಟು ಕಳೆದುಕೊಂಡವರಿಗೆ ಯಾರು ಕೊಡಬೇಕು ಎಂಬ ಪ್ರಶ್ನೆ ಅದು. ಆ ಬೇಡಿಕೆಯನ್ನು 1991ರಲ್ಲಿ ಮೊದಲು ಮುಂದಿಟ್ಟದ್ದು ಇದೇ ಪುಟ್ಟ ವನುವಾಟು. ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಅದಕ್ಕೊಂದು ನಿಧಿ ಬೇಕೆಂದು ಎಲ್ಲರೂ ಒಪ್ಪಿದಾಗ 2022 ಬಂದಿತ್ತು. 31 ವರ್ಷ! ನಿಧಿ ಕೆಲಸ ಆರಂಭಿಸುವ ತೀರ್ಮಾನ ದುಬೈಯಲ್ಲಿ 2023ರ ನವೆಂಬರ್ 30ರಂದು ಆಯಿತು. ಹಕ್ ಅದಕ್ಕೆ ಒಂದು ತಿಂಗಳ ಮೊದಲೇ ತೀರಿಕೊಂಡಿದ್ದರು.

ಅವರ ಕೇಂದ್ರ ನಡೆಸುವ ವಾರ್ಷಿಕ ಸಮ್ಮೇಳನಕ್ಕೆ ಗೊಬೆಶೊನಾ ಎಂದು ಹೆಸರು. ಬಂಗಾಳಿ ಉಚ್ಚಾರ ಬಿಡಿಸಿದರೆ ಅದು ನಮ್ಮ ಗವೇಷಣೆ. ಕಳೆದುಹೋದ ಹಸುವನ್ನು ಹುಡುಕುವುದು ಆ ಪದದ ಹಳೆಯ ಅರ್ಥ. ಸಂಜೆ ಹಸು ಮನೆಗೆ ಬಾರದಿದ್ದರೆ ಮನೆಯವರೆಲ್ಲ ಬೇಲಿ ಬೇಲಿ ಸುತ್ತುತ್ತಾರಲ್ಲ, ಹುಡುಕಾಟ ಅಂದರೆ ಅದು. ಹಸು ಪಕ್ಕದೂರಿನ ಗದ್ದೆಗೆ ನುಗ್ಗಿದ್ದರೆ ಅಲ್ಲಿಗೂ ಹೋಗಬೇಕು.

ಗಡಿಯಾಚೆ ಹೋಗಲೇಬೇಕಾದ ಹುಡುಕಾಟಕ್ಕೆ ಹಿಮಾಲಯಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 2025ರ ಜುಲೈ 8ರ ನಸುಕಿನಲ್ಲಿ ನೇಪಾಳದ ರಸುವಾಗಢಿಯಲ್ಲಿ ಪ್ರವಾಹ ಬಂತು. ನೇಪಾಳ ಚೀನಾಗಳನ್ನು ಬೆಸೆದಿದ್ದ ಮಿತೇರಿ ಸೇತುವೆ ಕೊಚ್ಚಿಹೋಯಿತು. ಮಿತೇರಿ ಎಂದರೆ ಗೆಳೆತನ. ಕೆಳಗಿನವರಿಗೆ ಮುನ್ಸೂಚನೆ ಇರಲಿಲ್ಲ. ಆಮೇಲೆ ಉಪಗ್ರಹ ಚಿತ್ರಗಳನ್ನು ಮುಂದಿಟ್ಟು ನೋಡಿದ ವಿಜ್ಞಾನಿಗಳು, ಗಡಿಯಾಚೆ ಟಿಬೆಟ್ಟಿನಲ್ಲಿ ಹಿಮನದಿಯ ಬೆನ್ನ ಮೇಲೆ ನಿಂತಿದ್ದ ಕೆರೆಯೊಂದು ಬರಿದಾಗಿದೆ ಎಂದು ಗುರುತಿಸಿದರು. ಕೆರೆ ಒಂದು ದೇಶದ್ದು, ಸೇತುವೆ ಎರಡು ದೇಶಗಳದ್ದು, ಮನೆ ಕಳೆದುಕೊಂಡವರು ಹೊಳೆಯ ದಂಡೆಯವರು.

ಇದಕ್ಕೆ ಪ್ರತಿಯಾಗಿ ಒಂದು ಸಮಾಧಾನದ ಕಥೆ ಇದೆ. ರಾತು ಎಂಬ ಚಿಕ್ಕ ನದಿ ನೇಪಾಳದ ಚುರೆ ಬೆಟ್ಟಗಳಲ್ಲಿ ಹುಟ್ಟಿ ಬಿಹಾರದ ಸೀತಾಮಢಿ ಜಿಲ್ಲೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಬರೀ ಮರಳು, ಮಳೆಗಾಲದಲ್ಲಿ ಥಟ್ಟನೆ ಏರುವ ಜಾತಿಯ ಹೊಳೆ. ಕಠ್ಮಂಡು ಕಣಿವೆಯಲ್ಲಿರುವ ಇಸಿಮೋಡ್ ಎಂಬ ಸಂಸ್ಥೆ ಅಲ್ಲಿ ಒಂದು ಏರ್ಪಾಡು ಮಾಡಿತು. ಇಸಿಮೋಡ್ 1983ರಲ್ಲಿ ಹುಟ್ಟಿದ್ದು. ಭಾರತ, ಚೀನಾ, ನೇಪಾಳ, ಪಾಕಿಸ್ತಾನ ಸೇರಿ ಎಂಟು ದೇಶಗಳು ಅದರ ಸದಸ್ಯರು. ಏರ್ಪಾಡು ಇಷ್ಟೇ: ಮೇಲಿನ ಹಳ್ಳಿಯಲ್ಲಿ ನೀರಿನ ಮಟ್ಟ ಅಳೆಯುವ ಸಾಧನ, ಅದನ್ನು ನೋಡಿಕೊಳ್ಳಲು ಊರಿನವರೇ ಒಬ್ಬರು. ನೀರು ಏರಿತೆಂದು ಸಾಧನ ತಿಳಿಸಿದರೆ ಅವರು ಕೆಳಗಿನ ಊರುಗಳಿಗೆ, ಗಡಿಯಾಚೆಯ ಬಿಹಾರಕ್ಕೂ, ಫೋನ್ ಮಾಡುತ್ತಾರೆ. ದೆಹಲಿ ಕಠ್ಮಂಡುಗಳ ನಡುವೆ ಕಡತ ಓಡಾಡುವಷ್ಟರಲ್ಲಿ ಇತ್ತ ದನಕರು ಬಿಚ್ಚಿ, ಕಾಳಿನ ಮೂಟೆ ಅಟ್ಟಕ್ಕೇರಿಸಿ ಆಗಿರುತ್ತದೆ. ಇದೇ ಸಂಸ್ಥೆಯ ಆಸರೆಯಲ್ಲಿ ಹಿಮಾಲಯನ್ ಯೂನಿವರ್ಸಿಟಿ ಕನ್ಸಾರ್ಟಿಯಂ ಎಂಬ ವಿಶ್ವವಿದ್ಯಾಲಯಗಳ ಕೂಟವೂ ನಡೆಯುತ್ತಿದೆ. ಸರ್ಕಾರಗಳು ಮಾತು ಬಿಟ್ಟ ದಿನಗಳಲ್ಲೂ ಅಧ್ಯಾಪಕರು ಒಬ್ಬರಿಗೊಬ್ಬರು ಹೊಳೆಯ ಅಂಕಿಗಳನ್ನು ಕಳಿಸಿಕೊಳ್ಳಬಹುದು ಎಂಬ ನಂಬಿಕೆ ಅದರ ಬುಡದಲ್ಲಿದೆ.

ನಮಗೆ ಹಿಮಾಲಯ ದೂರ, ದ್ವೀಪಗಳು ಇನ್ನೂ ದೂರ ಎಂದು ನಿಮಗೆ ಅನ್ನಿಸಬಹುದು. ಆಗುಂಬೆಯ ಮಳೆಯನ್ನೇ ನೋಡಿ. ಆ ಗಾಳಿ ಮಾರಿಷಸ್ ಕಡೆಯ ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಡುತ್ತದೆ. ಆಫ್ರಿಕಾದ ಕರಾವಳಿಯ ಬದಿಯಲ್ಲಿ ಭೂಮಧ್ಯರೇಖೆ ದಾಟುತ್ತದೆ. ಸೊಮಾಲಿಯಾದ ಹತ್ತಿರ ರಭಸ ಹಿಡಿದು ಅರಬ್ಬೀ ಸಮುದ್ರದ ತೇವ ಹೀರಿ ನಮ್ಮ ಘಟ್ಟಕ್ಕೆ ಬಡಿಯುತ್ತದೆ. ನಾವು ಮೃಗಶಿರಾ, ಆರಿದ್ರಾ ಎಂದು ಹೆಸರಿಟ್ಟು ಮನೆಯ ನೆಂಟರಂತೆ ಕರೆಯುವ ಮಳೆಗಳು ನಮ್ಮ ಅಂಗಳ ಮುಟ್ಟುವ ಮೊದಲು ಎಷ್ಟೋ ದೇಶಗಳ ಕಡಲು ದಾಟಿರುತ್ತವೆ.

ಈ ನೆಂಟರು ಬಂದು ಹೋದದ್ದನ್ನು ಬರೆದಿಟ್ಟವರು ನಮ್ಮಲ್ಲಿದ್ದಾರೆ. ಅವರಿಗಾಗಿಯೇ ಈ ಬರಹ.

ಮೂಡಿಗೆರೆ ಕಡೆಯ ನನ್ನ ಹಿರಿಯ ಸ್ನೇಹಿತರೊಬ್ಬರ ಕಾಫಿ ತೋಟದ ಮನೆಯಲ್ಲಿ ಅಂಥ ಪುಸ್ತಕಗಳನ್ನು ನೋಡಿದೆ. ರಟ್ಟಿನ ಹೊದಿಕೆ, ಮೂಲೆಗಳಲ್ಲಿ ಬಟ್ಟೆಯ ಪಟ್ಟಿ, ಬೆನ್ನಿಗೆ ಗೆದ್ದಲು ಮುಟ್ಟಿದ ಗುರುತು. ಎಡಗಡೆ ತಾರೀಕು, ಬಲಗಡೆ ಮಳೆ. ಮಳೆಯ ಲೆಕ್ಕ ಇಂಚು ಸೆಂಟಿನಲ್ಲಿ. ನೂರು ಸೆಂಟು ಒಂದು ಇಂಚು. ಈಗಿನ ಮಕ್ಕಳು ಮಿಲಿಮೀಟರಿಗೆ ಬದಲಿಸಬೇಕಾದರೆ ಇಂಚನ್ನು 25.4ರಿಂದ ಗುಣಿಸಬೇಕು. ತಂದೆಯ ಕೈಬರಹ ಒಂದು ಪುಟದಲ್ಲಿ ನಿಲ್ಲುತ್ತದೆ, ಮರುದಿನದಿಂದ ಮಗನ ಕೈಬರಹ ಶುರುವಾಗುತ್ತದೆ. ನಡುವೆ ಒಂದೇ ಒಂದು ಖಾಲಿ ಸಾಲು ಇಲ್ಲ. ತಂದೆ ತೀರಿಕೊಂಡ ದಿನವೂ ಯಾರೋ ಅಂಗಳಕ್ಕೆ ಹೋಗಿ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದಿದ್ದಾರೆ. ಮಾರ್ಚ್ ಏಪ್ರಿಲ್ ಸಾಲುಗಳ ಪಕ್ಕದಲ್ಲಿ ಕೆಂಪು ಗೆರೆಗಳಿವೆ. ಅದು ಹೂಮಳೆ. ಕಾಫಿ ಗಿಡ ಹೂ ಬಿಡಲು ಆ ಮಳೆ ಹದವಾಗಿ ಬೀಳಬೇಕು, ಬಿದ್ದು ಎರಡು ಮೂರು ವಾರಕ್ಕೆ ಇನ್ನೊಂದು ಬಂದು ಆಸರೆ ಕೊಡಬೇಕು. ಆ ಕೆಂಪು ಗೆರೆ ಮೊದಲ ಪುಸ್ತಕದಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಇಳಿಯುತ್ತದೆ. ಕೊನೆಯ ಪುಸ್ತಕದಲ್ಲಿ ಅದು ಆಚೀಚೆ ಅಲೆದಾಡುತ್ತದೆ. ಒಂದೇ ತೋಟದ ಲೆಕ್ಕದಿಂದ ಏನನ್ನೂ ಸಾಧಿಸಿ ತೋರಿಸಲಾಗದು, ನನಗೆ ಗೊತ್ತು. ಆದರೆ ಇಂಥ ಪುಸ್ತಕ ಒಂದೇ ಇಲ್ಲವಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಇವು ಎಷ್ಟಿರಬಹುದು, ನೀವೇ ಯೋಚಿಸಿ.

ಸರ್ಕಾರದ ಬಳಿ ಅಂಕಿ ಇಲ್ಲವೆ ಎಂದು ಕೇಳುವಿರಿ. ಇದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ಅನೇಕ ರೈತರು ಕರೆ ಮಾಡುತ್ತಾರೆ. ಅದು ಹೆಮ್ಮೆಯ ಕೆಲಸ. ಆದರೆ ಆ ಮಾಪಕಗಳು ಇತ್ತೀಚಿನವು. ನಮ್ಮ ಅಜ್ಜಂದಿರ ಕಾಲದಲ್ಲಿ ಒಂದು ಕಣಿವೆಯ ಈ ಬದಿಗೂ ಆ ಬದಿಗೂ ಮಳೆ ಹೇಗಿತ್ತು ಎಂದು ಹೇಳಬಲ್ಲದ್ದು ಮನೆಯ ಪುಸ್ತಕವೇ.

ಜಗಲಿಯ ಪುಸ್ತಕ ಹೇಗ್ ಅಥವಾ ದುಬೈ ಮುಟ್ಟುವುದು ಹೇಗೆ? ನೇರವಾಗಿ ಮುಟ್ಟುವುದಿಲ್ಲ, ಆ ಭ್ರಮೆ ನನಗಿಲ್ಲ. ದಾರಿ ಮೆಟ್ಟಿಲು ಮೆಟ್ಟಿಲಾಗಿದೆ. ಕಾಲೇಜಿನವರು ಪುಟಗಳನ್ನು ಅಂಕಿಯಾಗಿ ಬರೆದುಕೊಳ್ಳಬೇಕು. ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಹವಾಮಾನ ಇಲಾಖೆಯ ಅಂಕಿಗಳ ಪಕ್ಕದಲ್ಲಿಟ್ಟು ಸರಿನೋಡಬೇಕು. ಅದು ಪ್ರಬಂಧವಾಗಬೇಕು. ದೇಶದ ವರದಿ ಬರೆಯುವವರ ಕಣ್ಣಿಗೆ ಬೀಳಬೇಕು. 2023ರ ಡಿಸೆಂಬರಿನಲ್ಲಿ ಭಾರತವು ತನ್ನ ಮೂರನೆಯ ರಾಷ್ಟ್ರೀಯ ವರದಿಯನ್ನೂ ಹೊಂದಾಣಿಕೆಯ ಬಗೆಗಿನ ಮೊದಲ ನಿವೇದನೆಯನ್ನೂ ವಿಶ್ವಸಂಸ್ಥೆಗೆ ಸಲ್ಲಿಸಿತು. ಈ ರಾಷ್ಟ್ರೀಯ ವರದಿಗಳ ಕೆಲಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆರಂಭದಿಂದ ಹೆಗಲು ಕೊಟ್ಟಿದೆ. 2007ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡ, ವಿಶ್ವಸಂಸ್ಥೆಯ ಹವಾಗುಣ ತಜ್ಞರ ಸಮಿತಿಯಾದ ಐಪಿಸಿಸಿಯ ವರದಿಗಳನ್ನು ಬರೆದವರಲ್ಲಿ ಅಲ್ಲಿನ ಎನ್.ಎಚ್. ರವೀಂದ್ರನಾಥ್, ಜೆ. ಶ್ರೀನಿವಾಸನ್ ಇದ್ದರು. ಅಂದರೆ ಮೇಲಿನ ಮೆಟ್ಟಿಲುಗಳು ನಮ್ಮ ರಾಜ್ಯದಲ್ಲೇ ಇವೆ. ಸಡಿಲವಾಗಿರುವುದು ಕೆಳಗಿನ ಎರಡು ಮೆಟ್ಟಿಲು.

ಅವನ್ನು ಬಿಗಿ ಮಾಡುವವರು ನೀವು.

ನಿಮ್ಮ ಮನೆಯಲ್ಲಿ ಮಳೆಯ ಪುಸ್ತಕವಿದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಕಾಫಿ ತೋಟದ್ದೇ ಆಗಬೇಕೆಂದಿಲ್ಲ. ಬಾವಿಯ ನೀರು ಯಾವ ತಿಂಗಳು ಎಷ್ಟು ಮೆಟ್ಟಿಲು ಇಳಿಯಿತೆಂದು ಗೋಡೆಯ ಮೇಲೆ ಗೀಚಿದ ಗುರುತೂ ನಡೆಯುತ್ತದೆ. ಬಿತ್ತನೆಯ ದಿನ ಬರೆದಿಟ್ಟ ಹಳೆಯ ಪಂಚಾಂಗ, ದೋಣಿ ಕಡಲಿಗಿಳಿಯದ ದಿನಗಳ ಲೆಕ್ಕ, ಅಡಿಕೆಗೆ ಔಷಧಿ ಹೊಡೆದ ತಾರೀಕು, ಎಲ್ಲವೂ ನಡೆಯುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಮೂಲ ಪುಸ್ತಕವನ್ನು ಕೈಬಿಡಬೇಡಿ. ನನ್ನ ಸ್ನೇಹಿತರು ತಮ್ಮ ತಂದೆಯ ಎರಡು ಪುಸ್ತಕಗಳನ್ನು ಒಂದು ಕಾಲೇಜಿಗೆ ಕೊಟ್ಟಿದ್ದರು. ವರ್ಷ ಕಳೆದು ಕೇಳಿದರೆ ತೆಗೆದುಕೊಂಡವರಿಗೆ ವರ್ಗವಾಗಿತ್ತು, ಪುಸ್ತಕ ಎಲ್ಲಿದೆ ಎಂದು ಯಾರಿಗೂ ತಿಳಿಯದು. ಯಾರ ಮೇಲೂ ಸಿಟ್ಟಿಲ್ಲ, ಸ್ಟೋರ್ ರೂಮುಗಳ ಹಣೆಬರಹವೇ ಅಷ್ಟು. ನೀವು ಪುಟಗಳ ಫೋಟೊ ತೆಗೆದು ಕೊಡಿ. ಕೊಟ್ಟದ್ದಕ್ಕೆ ಒಂದು ಸ್ವೀಕೃತಿ ಪತ್ರ ಪಡೆಯಿರಿ.

ಕಾಲೇಜು ಅಧ್ಯಾಪಕರಾದ ನಿಮಗೆ ಕೆಲಸದ ಹೊರೆ ಎಷ್ಟಿದೆ ಎಂದು ಬಲ್ಲೆ. ನ್ಯಾಕ್ ಕಡತ, ಮೌಲ್ಯಮಾಪನ, ಚುನಾವಣೆ ಕರ್ತವ್ಯ. ಇದರ ಮೇಲೆ ಇನ್ನೊಂದು ಹೊರೆ ಹೊರಿಸುವುದಿಲ್ಲ. ಹೇಗೂ ನಿಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಬರೆಯಲೇಬೇಕು. ಸ್ಪೈರಲ್ ಬೈಂಡಿಂಗ್ ಮಾಡಿಸಿ, ಅಂಕ ಬಂದ ಮೇಲೆ ಅವು ರದ್ದಿಗೆ ಹೋಗುವುದನ್ನು ನೀವೂ ಕಂಡಿದ್ದೀರಿ. ಅವುಗಳಲ್ಲಿ ಹತ್ತನ್ನು ಈ ವರ್ಷ ಊರಿನ ಮಳೆಪುಸ್ತಕಗಳಿಗೆ ಮೀಸಲಿಡಿ. ಅರ್ಥಶಾಸ್ತ್ರದವರು, ಭೂಗೋಳದವರು, ಕನ್ನಡದವರು, ಯಾರಾದರೂ ಸರಿ. ಎನ್‌ಎಸ್‌ಎಸ್ ಶಿಬಿರದಲ್ಲಿ ಒಂದು ಸಂಜೆ ಹಿರಿಯರನ್ನು ಕೂರಿಸಿ ಯಾವ ಮಳೆ ಯಾವಾಗ ತಪ್ಪಿತು ಎಂದು ಕೇಳಿ ಬರೆದುಕೊಳ್ಳಿ. ಗ್ರಂಥಪಾಲಕರು ಒಂದು ಕಪಾಟು ಬಿಟ್ಟುಕೊಟ್ಟರೆ ಸಾಕು. ಕಾನೂನು ಕಲಿಸುವವರಿಗೆ ನನ್ನ ವಿಶೇಷ ವಿನಂತಿ: ಅಣಕು ನ್ಯಾಯಾಲಯಕ್ಕೆ ಕೊಲೆ ಮೊಕದ್ದಮೆಯನ್ನೇ ಏಕೆ ಆರಿಸಬೇಕು? ಒಂದು ವರ್ಷ ಪೋರ್ಟ್ ವಿಲಾದ ಪ್ರಶ್ನೆಯನ್ನು ಕೊಟ್ಟು ನೋಡಿ. ಒಂದು ತಂಡ ವನುವಾಟು ಪರ ವಾದಿಸಲಿ, ಇನ್ನೊಂದು ಭಾರತದ ಪರ. ಎರಡೂ ಕಡೆ ಹೇಳುವುದಿದೆ ಎಂದು ಮಕ್ಕಳಿಗೇ ತಿಳಿಯುತ್ತದೆ.

ವಿಶ್ವವಿದ್ಯಾಲಯಗಳ ಆಡಳಿತದಲ್ಲಿರುವ ಹಿರಿಯರಲ್ಲಿ ಒಂದೇ ಮನವಿ. ಹವಾಗುಣ ಸಮ್ಮೇಳನಗಳ ವೀಕ್ಷಕ ಸ್ಥಾನಕ್ಕೆ ವಿಶ್ವವಿದ್ಯಾಲಯಗಳೂ ಅರ್ಜಿ ಹಾಕಬಹುದು. ಒಪ್ಪಿಗೆ ಸಿಕ್ಕಲು ಕಾಲ ಹಿಡಿಯುತ್ತದೆ, ಹಾಗಾಗಿ ಈಗಲೇ ಹಾಕುವುದು ಮೇಲು. ಹೋಗುವವರನ್ನು ಆರಿಸುವಾಗ ಹಿರಿತನದ ಪಟ್ಟಿಯನ್ನು ಒಂದು ಸಲ ಪಕ್ಕಕ್ಕಿಡಿ. ಕೆಲಸ ಮಾಡಿದ ವಿದ್ಯಾರ್ಥಿನಿಯನ್ನು ಕಳಿಸಿ. ಹೋಗಿ ಬಂದವರು ಜಿಲ್ಲೆಯ ಮೂರು ಕಾಲೇಜುಗಳಲ್ಲಿ ಕನ್ನಡದಲ್ಲಿ ವರದಿ ಒಪ್ಪಿಸಬೇಕೆಂದು ಮೊದಲೇ ಹೇಳಿ ಕಳಿಸಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಕಡಿಮೆ, ಏಕೆಂದರೆ ದಾರಿ ತೋರಿದವರು ನಿಮ್ಮ ಓರಗೆಯವರೇ. ಪ್ಯಾರಿಸ್ ಒಪ್ಪಂದ ಚಿಕ್ಕದು, 29 ವಿಧಿಗಳು. ಒಂದು ಭಾನುವಾರದಲ್ಲಿ ಓದಿ ಮುಗಿಸಬಹುದು. ನಾಲ್ಕು ಜನ ಸೇರಿ ಓದಿ. ಓದಿದ್ದನ್ನು ಮನೆಯಲ್ಲಿ ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಲು ಪ್ರಯತ್ನಿಸಿ. ಹೇಳಲಾಗದ ಪದ ಸಿಕ್ಕಿದರೆ ಗುರುತು ಹಾಕಿಟ್ಟುಕೊಳ್ಳಿ. ‘ಹೊಂದಾಣಿಕೆ’ ಎಂಬ ಪದವನ್ನೇ ನೋಡಿ. ಮದುವೆಯ ಮಾತಿನಲ್ಲಿ ಅದು ತಾಳಿಕೊಂಡು ಹೋಗುವುದು. ಹವಾಗುಣದ ಮಾತಿನಲ್ಲಿ ಅದು ಬೆಳೆ, ಬಾವಿ, ಬದುಕು ಎಲ್ಲವನ್ನೂ ಹೊಸ ಹದಕ್ಕೆ ತಿರುಗಿಸಿಕೊಳ್ಳುವುದು. ಈ ಎರಡರ ನಡುವಿನ ದೂರವನ್ನು ತುಂಬುವ ಕೆಲಸ ಕನ್ನಡ ಬಲ್ಲವರದೇ.

ತಂದೆತಾಯಿಯರೇ, ಮಗ ಅಥವಾ ಮಗಳು ಹಳೆಯ ಪುಸ್ತಕ ಹುಡುಕಿಕೊಂಡು ಅಜ್ಜನ ಊರಿಗೆ ಹೋಗುತ್ತೇನೆ ಎಂದರೆ ಇದರಿಂದ ಕೆಲಸ ಸಿಗುತ್ತದೆಯೇ ಎಂದು ಮೊದಲೇ ಕೇಳಬೇಡಿ. ಬಸ್ಸಿನ ಕಾಸು ಕೊಟ್ಟು ಕಳಿಸಿ.

ಪರದೇಶದ ವಿಶ್ವವಿದ್ಯಾಲಯಗಳಲ್ಲಿ ಓದುವ, ಕಲಿಸುವ ಕನ್ನಡಿಗರೇ, ನಿಮ್ಮ ಸಂಸ್ಥೆಗಳಲ್ಲಿ ಅನೇಕವು ಈಗಾಗಲೇ ವೀಕ್ಷಕ ಸ್ಥಾನ ಪಡೆದಿವೆ. ಪ್ರತಿವರ್ಷ ವಿದ್ಯಾರ್ಥಿ ತಂಡ ಕಳಿಸುವ ಅನುಭವ ಅಲ್ಲಿದೆ. ಅರ್ಜಿ ಬರೆಯುವುದು ಹೇಗೆ, ಯಾವ ಸಭೆಗೆ ಹೋದರೆ ಪ್ರಯೋಜನ, ಯಾವುದಕ್ಕೆ ಹೋದರೆ ಬರೀ ಕಾಲಹರಣ ಎಂದು ನೀವು ಬಲ್ಲಿರಿ. ನೀವು ಓದಿದ ಊರಿನ ಕಾಲೇಜಿಗೆ ಒಂದು ಸಂಜೆ ಆನ್‌ಲೈನಿನಲ್ಲಿ ಸಿಕ್ಕಿ ಅಷ್ಟನ್ನು ಹೇಳಿ. ದೇಣಿಗೆಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೂಡಿಗೆರೆಯ ಪುಸ್ತಕಗಳ ಕೆಲಸ ಶುರುವಾಗಿದೆ. ಸ್ನೇಹಿತರ ಮೊಮ್ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ರಜೆಯಲ್ಲಿ ಕಿಟಕಿಯ ಬೆಳಕಿಗೆ ಪುಟ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾಳೆ, ಆಮೇಲೆ ಒಂದೊಂದೇ ಅಂಕಿಯನ್ನು ಕಂಪ್ಯೂಟರಿಗೆ ಇಳಿಸುತ್ತಾಳೆ. ಮೊನ್ನೆ ಫೋನ್ ಮಾಡಿ ಒಂದು ಸಂದೇಹ ಕೇಳಿದಳು. ಒಂದು ಏಪ್ರಿಲ್ ತಿಂಗಳ ಸಾಲಿನಲ್ಲಿ ಮುತ್ತಜ್ಜ ಹೀಗೆ ಬರೆದಿದ್ದಾರಂತೆ: ‘ಹೂಮಳೆ, 1 ಇಂಚು 12 ಸೆಂಟು. ನಾಯಿ ಮರಿ ಹಾಕಿತು.’ ನಾಯಿಯ ಸುದ್ದಿಯನ್ನು ಏನು ಮಾಡಲಿ ಎಂದಳು. ಷರಾ ಎಂದು ಇನ್ನೊಂದು ಕಾಲಂ ಮಾಡಿಕೊಂಡು ಅದನ್ನೂ ಟೈಪ್ ಮಾಡಮ್ಮ ಎಂದೆ.